ಹೆಸರು ಕೊಡದ ವಸ್ತಿ

ಕರಜಗಿ ದಾಟಿ, ಗಾಡಿದಾರಿ ಮುಗಿದು ಕಾಲುದಾರಿ ಶುರುವಾಗುವಲ್ಲಿ ಕುರುಬರ ಒಂದು ವಸ್ತಿ ಇತ್ತು. ಮನೆಗಳಿಗಿಂತ ಕುರಿಹಟ್ಟಿಗಳೇ ಹೆಚ್ಚು. ಊರು ಅನ್ನೋಣವೆಂದರೆ ಚಾವಡಿಯಿಲ್ಲ, ಶಾಲೆಯಿಲ್ಲ, ಕೊನೆಗೆ ಒಂದು ಚಹದಂಗಡಿಯೂ ಇಲ್ಲ. ಆದರೆ ಅಲ್ಲಿಯವರ ಗತ್ತು ನೋಡಿದರೆ ಜತ್ತ ಸಂಸ್ಥಾನವನ್ನು ಇವರೇ ಆಳಿ ಬಿಟ್ಟುಕೊಟ್ಟಿದ್ದಾರೇನೋ ಎನ್ನಬೇಕು. ಅಷ್ಟು ಗತ್ತಿಗೆ ಕಾರಣ ಒಂದೇ. ಆ ವಸ್ತಿಯಿಂದ ಪೊಲೀಸರ ಕಿವಿಗೆ ಅವತ್ತಿನವರೆಗೆ ಒಬ್ಬನ ಹೆಸರೂ ಹೋಗಿರಲಿಲ್ಲ.

ಈ ಕೀರ್ತಿಯ ಮೂಲ ಅಕ್ಕವ್ವ. ನಲವತ್ತೆರಡರ ಗದ್ದಲದ ಮರುವರ್ಷ, ಸಾತಾರದ ಕಡೆ ತಂತಿ ಕಡಿದು ತಲೆಮರೆಸಿಕೊಂಡ ಒಬ್ಬ ಮಾಸ್ತರ ಈ ವಸ್ತಿಯ ಹಟ್ಟಿಯಲ್ಲಿ, ಕುರಿಗಳ ನಡುವೆ ಕಂಬಳಿ ಹೊದ್ದು ದಿನ ಕಳೆದಿದ್ದ. ಅಕ್ಕವ್ವ ಆಗಷ್ಟೇ ಭರಮಣ್ಣನನ್ನು ಮದುವೆಯಾಗಿ ಅವನ ಮನೆಗೆ ನಡೆಯಲು ಬಂದ ಹುಡುಗಿ. ಮಾಸ್ತರನಿಗೆ ರೊಟ್ಟಿ ಒಯ್ಯುವ ಕೆಲಸ ಅವಳದು. ಹುಡುಕಿಕೊಂಡು ಬಂದ ಜಮಾದಾರ ಮೊದಲು ಬೆಲ್ಲದಂಥ ಮಾತಾಡಿದ. ಮಾಸ್ತರನಿಗೆ ಮಾಫಿ ಸಿಕ್ಕಿದೆ, ನೌಕರಿಯ ಕಾಗದವೂ ಬಂದಿದೆ, ಎಲ್ಲಿದ್ದಾನೆ ಹೇಳಿದರೆ ಅವನಿಗೇ ಒಳ್ಳೆಯದು ಎಂದ. ಬೆಲ್ಲ ಕರಗದಿದ್ದಾಗ ಅಕ್ಕವ್ವನ ಕಿವಿ ಹಿಡಿದು ಜಗ್ಗಿದ. ವಾಲೆ ಕಿತ್ತು ಬಂದು ಕಿವಿ ಸೀಳಿತು. ರಕ್ತ ಸುರಿಯುತ್ತಿದ್ದರೂ ಆ ಹುಡುಗಿ, "ನನಗ ಕುರಿ ಎಣಸಾಕ ಬರತೈತ್ರಿ, ಮಂದಿ ಎಣಸಾಕ ಬರೂದಿಲ್ಲ" ಅಂದಳಂತೆ. ಜಮಾದಾರ ಬಂದ ದಾರಿಗೆ ಸುಂಕವಿಲ್ಲವೆಂದು ಹೋದ.

ಅವತ್ತಿನಿಂದ ವಸ್ತಿಗೆ ಅದೇ ಕಾಯಿದೆ. ಖಾಕಿ ಕಂಡರೆ ಬಾಯಿಗೆ ಬೀಗ. ಬ್ರಿಟಿಷರು ಹೋದರು, ಸಂಸ್ಥಾನ ಹೋಯಿತು, ಮುಂಬಯಿ ಸರಕಾರ ಬಂದು ಮಹಾರಾಷ್ಟ್ರವಾಯಿತು. ಕಾಯಿದೆ ಮಾತ್ರ ಹಾಗೇ ಉಳಿಯಿತು. ಅಕ್ಕವ್ವ ಸೀಳಿದ ಕಿವಿಗೆ ಮತ್ತೆ ವಾಲೆ ಹಾಕಲಿಲ್ಲ. ಬೇರೆ ಹೆಂಗಸರು ಬುಗುಡಿ ತೋರಿಸಿಕೊಂಡು ಓಡಾಡುವಂತೆ ಇವಳು ಆ ಸೀಳನ್ನು ತೋರಿಸಿಕೊಂಡು ಓಡಾಡಿದಳು. ಜಂಬವೇ? ಜಂಬವೇ. ಆದರೆ ದುಡಿದು ಗಳಿಸಿದ ಜಂಬ.

ಅವಳಿಗೆ ಇನ್ನೊಂದು ಜಂಬವೂ ಇತ್ತು. ಅದು ತಮ್ಮ ಅಮೋಗಸಿದ್ದ. ಉಮದಿಯ ಹತ್ತಿರದ ತವರಿನಲ್ಲಿ ತಾಯಿ ಹಸಿ ಬಾಣಂತಿ ಇರುವಾಗಲೇ ತೀರಿಕೊಂಡಾಗ, ತನ್ನ ಕೂಸಿನ ಜೊತೆಗೆ ಆ ಕೂಸನ್ನೂ ಬಗಲಿಗೆ ಹಾಕಿಕೊಂಡು ಬಂದು, ಒಂದೊಂದು ಕಡೆ ಒಂದೊಂದನ್ನು ಹಿಡಿದು ಹಾಲು ಕುಡಿಸಿದವಳು ಅವಳು. ತನ್ನ ಕೂಸು ಉಳಿಯಲಿಲ್ಲ. ತಮ್ಮ ಉಳಿದ. ಮುಂದೆ ಅವಳಿಗೆ ಮಕ್ಕಳಾಗಲಿಲ್ಲ. ಹುಡುಗ ಕುರಿ ಕಾಯುವುದರಲ್ಲಿ ದಡ್ಡ, ಕೆಟ್ಟುನಿಂತ ಇಂಜಿನ್ನು ಬಿಚ್ಚುವುದರಲ್ಲಿ ಶಾಣ್ಯಾ. ಜತ್ತದಲ್ಲಿ ಮ್ಯಾಟ್ರಿಕ್ ಮುಗಿಸಿ, ಮಿರಜದ ಒಂದು ಪಂಪಿನ ಕಾರಖಾನೆಯಲ್ಲಿ ಫಿಟರ್ ಆದ. ಎಪ್ಪತ್ನಾಲ್ಕರಲ್ಲಿ ಆ ಕಾರಖಾನೆ ಆಫ್ರಿಕಾದ ನೈರೋಬಿಯಲ್ಲಿ ಒಂದು ಶಾಖೆ ತೆರೆದು, ಇಲ್ಲಿಯ ಕೆಲಸಗಾರರಲ್ಲಿ ಕೈ ಚೊಕ್ಕವಿದ್ದ ಇಬ್ಬರನ್ನು ಆರಿಸಿತು. ಅವರಲ್ಲಿ ಒಬ್ಬ ಅಮೋಗಸಿದ್ದ.

ಸುದ್ದಿ ಹೇಳಲು ಬಂದಾಗ ಅವನು ಬೇವಿನ ಮರದ ಕೆಳಗೆ ಕೂತು ವಸ್ತಿಗೆಲ್ಲ ತಿಳಿಸಿ ಹೇಳಿದ. ಆ ದೇಶದ ಸರಕಾರ ಕೆಲಸದ ಪರವಾನಗಿ ಕೊಡಬೇಕು. ನಮ್ಮ ಸರಕಾರ ಪಾಸ್‌ಪೋರ್ಟು ಎಂಬ ಪುಸ್ತಕ ಕೊಡಬೇಕು. ಆ ಪುಸ್ತಕದ ಮೇಲೆ ಮುಂಬಯಿಯಲ್ಲಿ ಅವರು ವೀಸಾದ ಮುದ್ರೆ ಒತ್ತಬೇಕು. ಆಮೇಲೆ ವಿಮಾನ.

"ಅಲ್ಲಿಯವರು ಏನ ಮಾಡತಾರೋ?" ಎಂದು ಕೇಳಿದ ಶಿದ್ರಾಯ ಮುತ್ಯಾ. ವಸ್ತಿಯಲ್ಲಿ ಎಲ್ಲರಿಗಿಂತ ಹಿರಿಯ ಅವನು.

"ಅಲ್ಲೂ ದನಾ ಕುರಿ ಕಾಯೂ ಮಂದಿ ಅದಾರಂತ, ಮುತ್ಯಾ. ನೀರಿಗೆ ಭಾಳ ದೂರ ಹೋಗತಾರಂತ. ನಾವು ಹೋಗಿ ಬಾವಿಗೆ ಪಂಪ ಕೂಡಿಸೂದು."

"ಹಂಗಾರ ನಮ್ಮ ಮಂದೀನ ಬಿಡು" ಎಂದು ಮುತ್ಯಾ ಸಮಾಧಾನಪಟ್ಟ. ಅಕ್ಕವ್ವನಿಗೆ ಖುಷಿ ಎಷ್ಟಾಗಿತ್ತೆಂದರೆ, ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಅರ್ಜಿಯಲ್ಲಿ ಕಾಯಂ ವಿಳಾಸ ಬರೆಯುವಾಗ ಕಾರಖಾನೆಯ ಕಾರಕೂನ, "ಮಿರಜದ ಖೋಲಿಯ ವಿಳಾಸ ಬರೆ, ಕೆಲಸ ಲಗೂನ ಆಗತೈತಿ" ಎಂದಿದ್ದ. ಅಮೋಗಸಿದ್ದ ಕೇಳಲಿಲ್ಲ. ತಾನು ಹುಟ್ಟಿದ ಊರನ್ನೂ ಬರೆಯಲಿಲ್ಲ. ಅಕ್ಕವ್ವನ ವಸ್ತಿಯನ್ನೇ ಬರೆದ. ಅಕ್ಕನ ಹಾಲು ಕುಡಿದವನಿಗೆ ಅಕ್ಕನ ಜಂಬವೂ ಬಂದಿತ್ತು.

ಪಾಸ್‌ಪೋರ್ಟು ಕೊಡುವ ಮೊದಲು ಪೊಲೀಸರು ಕಾಯಂ ವಿಳಾಸಕ್ಕೆ ಬಂದು ವಿಚಾರಿಸುತ್ತಾರೆಂದು ವಸ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಒಂದು ದಿನ ಉಮದಿಯ ಚೌಕಿಯಿಂದ ಸೈಕಲ್ ಮೇಲೆ ಒಬ್ಬ ಪೊಲೀಸ ಬಂದ. ಹೆಸರು ಸೋಮನಿಂಗಪ್ಪ, ಶೇಗಾಂವದವನು, ಪಾಪದ ಮನುಷ್ಯ. ದಿನ್ನೆಯ ಮೇಲೆ ಕುರಿ ಮೇಯಿಸುತ್ತಿದ್ದ ಗುರವ್ವ ಖಾಕಿ ಕಂಡವಳೇ ಎರಡು ಬೆರಳು ಬಾಯಿಗಿಟ್ಟು ಸಿಳ್ಳು ಹೊಡೆದಳು. ಅವನು ಸೈಕಲ್ ಇಳಿಯುವಷ್ಟರಲ್ಲಿ ವಸ್ತಿಯೆಲ್ಲ ತಯಾರಾಗಿ ಕೂತಿತ್ತು.

ಉಣ್ಣೆ ಹಿಂಜುತ್ತ ಕೂತಿದ್ದ ಅಕ್ಕವ್ವನನ್ನು ಅವನು ಕೇಳಿದ, "ಇಲ್ಲಿ ಅಮೋಗಸಿದ್ದ ಅನ್ನಾಂವ ಯಾರಬೇ?"

"ಅಮೋಗಸಿದ್ದ ಅಂದ್ರ ನಮ್ಮ ದೇವರ್ರಿ. ಗುಡಿ ಆ ಕಡೆ ಐತಿ."

"ದೇವರನ್ನ ಕೇಳಾಕ ಬಂದಿಲ್ಲ, ಮನಶಾನ್ನ ಕೇಳಾಕ ಬಂದೀನಿ. ಮಿರಜದಾಗ ಫಿಟರ್ ಅದಾನಂತ. ನಿನ್ನ ತಮ್ಮ ಅಂತ ಬರಕೊಟ್ಟಾನ. ಹಿಂದ ಏನರ ಗುನ್ಹೆ ಮಾಡ್ಯಾನೇನು? ಯಾವುದರ ಮೋರ್ಚಾದಾಗ ಇದ್ದನೇನು? ಯಾರ ಕೂಡ ಓಡ್ಯಾಡತಾನ?"

ಗುನ್ಹೆ, ಮೋರ್ಚಾ, ಯಾರ ಕೂಡ. ಅಕ್ಕವ್ವನ ಕಿವಿ ನೆಟ್ಟಗಾಯಿತು. ಕಾರಖಾನೆಯಲ್ಲಿ ಹುಡುಗ ಏನೋ ಮಾಡಿಕೊಂಡಿದ್ದಾನೆ, ತಲೆ ತಪ್ಪಿಸಿಕೊಂಡಿದ್ದಾನೆ, ಇವರು ಹುಡುಕುತ್ತಿದ್ದಾರೆ ಎಂದು ಅವಳ ಮನಸ್ಸು ಕ್ಷಣದಲ್ಲಿ ಲೆಕ್ಕ ಹಾಕಿತು.

"ನನಗ ತಮ್ಮ ಇಲ್ರಿ" ಎಂದಳು.

ಸೋಮನಿಂಗಪ್ಪ ಮೆತ್ತಗಾದ. "ಹಂಗಲ್ಲಬೇ. ಇದು ಅವನ ಚಲೋದಕ್ಕನ ಐತಿ. ಪರದೇಶದಾಗ ಕೆಲಸ ಆಗೇತಿ ಅವಂಗ. ಇಲ್ಲಿಯಾಂವ ಹೌದು ಅಂತ ನೀ ಅಂದ್ರ ಮುಗೀತು."

ಪಾಪ, ನಿಜವನ್ನೇ ಹೇಳಿದ. ಆದರೆ ಪೊಲೀಸನೊಬ್ಬ ನೌಕರಿಯ ಮಾತು ಹೇಳಿ, ಅವನಿಗೇ ಒಳ್ಳೆಯದು ಎಂದು ಬೆಲ್ಲ ಸುರಿದದ್ದನ್ನು ಅಕ್ಕವ್ವ ಹಿಂದೊಮ್ಮೆ ಕೇಳಿದ್ದಳು. ಇನ್ನು ಬ್ರಹ್ಮ ಬಂದರೂ ಅವಳ ಬಾಯಿಂದ ಹೆಸರು ಹೊರಡುತ್ತಿರಲಿಲ್ಲ. "ಇಲ್ಲಾಂದ್ರ ಇಲ್ರಿ. ಇಲ್ಲದ ತಮ್ಮನ್ನ ಎಲ್ಲಿಂದ ತರಲಿ?"

ಅವನು ಭರಮಣ್ಣನನ್ನು ಕೇಳಿದ. ಹೆಂಡತಿಗೆ ತಮ್ಮನಿಲ್ಲ ಅಂದ ಭರಮಣ್ಣ. ಶಿದ್ರಾಯ ಮುತ್ಯಾನನ್ನು ಕೇಳಿದ. ಮುತ್ಯಾನಿಗೆ ಆ ಹೊತ್ತಿಗೆ ಕಿವಿಯೇ ಕೇಳಿಸಲಿಲ್ಲ. ಮಿಕ್ಕವರು ಮಿರಜವೆಂಬ ಊರಿನ ಹೆಸರನ್ನೇ ಕೇಳದವರಂತೆ ಕಣ್ಣು ಬಿಟ್ಟರು. ಸೋಮನಿಂಗಪ್ಪನಿಗೆ ಒಂದು ಚೆಂಬು ಮಜ್ಜಿಗೆ ಕೊಟ್ಟು, ಕಾಲುದಾರಿಯ ಕೊನೆಯವರೆಗೆ ಮರ್ಯಾದೆಯಿಂದ ಕಳಿಸಿಬಂದರು. ಆಮೇಲೆ ಬೇವಿನ ಮರದ ಕೆಳಗೆ ನಗುವೋ ನಗು. ಮುಪ್ಪಿನವರೆಲ್ಲ ಮಾಸ್ತರನ ಕಾಲದ ಪ್ರಾಯಕ್ಕೆ ಬಂದಂತಿತ್ತು. ಅಕ್ಕವ್ವ ಹಿಂಜಿದ ಉಣ್ಣೆ ಅವತ್ತು ದಿನಕ್ಕಿಂತ ನುಣುಪಾಗಿತ್ತು ಎಂದು ಅವಳೇ ಹೇಳಿಕೊಂಡಳು.

ಕೆಲವು ವಾರ ಕಳೆದು ಅಮೋಗಸಿದ್ದ ಬಂದ. ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತುಬಿಟ್ಟ. ನೀರು ಕೊಟ್ಟರೆ ಕುಡಿಯಲಿಲ್ಲ.

"ನೈರೋಬಿಯಿಂದ ಪರವಾನಗಿ ಬಂತಕ್ಕಾ. ಪಾಸ್‌ಪೋರ್ಟ ನಿಂತೈತಿ. ಅದಿಲ್ಲದ ವೀಸಾ ಹಾಕೂದಿಲ್ಲ. ಈ ಹೆಸರಿನ ಮನಶಾ ಈ ಊರಾಗ ಇಲ್ಲ ಅಂತ ಪೊಲೀಸ್ ರಿಪೋರ್ಟ್ ಹೋಗೇತಿ. ದಸರಾದೊಳಗ ಆಗಲಿಲ್ಲಂದ್ರ ನನ್ನ ಜಾಗಾದಾಗ ಕೊಲ್ಲಾಪುರದ ಕಡಿಯವನ್ನ ಕಳಸತಾರ. ನನಗ ತಿಳೀವಲ್ದು. ನನ್ನ ಮ್ಯಾಲ ಇಷ್ಟು ಹಗಿ ಸಾಧಸಾವ ಇಲ್ಲಿ ಯಾಂವ ಅದಾನ?"

ಬೇವಿನ ಕೆಳಗೆ ಕೂತವರೆಲ್ಲ ಅವರವರ ಕಾಲಬೆರಳು ನೋಡಿಕೊಂಡರು. ಅಕ್ಕವ್ವ ಮಾತ್ರ ಮುಚ್ಚಿಡುವ ಪೈಕಿ ಅಲ್ಲ.

"ಯಾಂವೂ ಅಲ್ಲಪಾ. ನಾನ. ನನಗ ತಮ್ಮ ಇಲ್ಲ ಅಂದೆ."

ಅಮೋಗಸಿದ್ದ ಅವಳ ಮುಖವನ್ನೇ ನೋಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು. ಅವನು ಮೆಲ್ಲಗೆ, "ಹಂಗ ಅನ್ನಾಕ ನಿನಗ ನಾಲಿಗಿ ಹ್ಯಾಂಗ ಬಂತಕ್ಕಾ?" ಎಂದ. ಅಕ್ಕವ್ವನ ಕಣ್ಣು ತುಂಬಿತು. ಜಮಾದಾರ ಕಿವಿ ಸೀಳಿದಾಗ ಬರದ ನೀರು ಈಗ ಬಂತು.

ಕಾರಖಾನೆಯ ಮ್ಯಾನೇಜರರು ಮತ್ತೊಮ್ಮೆ ವಿಚಾರಣೆ ಮಾಡಿರೆಂದು ಮೇಲಿನವರಿಗೆ ಬರೆದು, ಕಾಗದ ಜತ್ತದ ಠಾಣೆಗೆ ಬಂದಿತ್ತು. ಅಲ್ಲಿಯ ಫೌಜದಾರನ ಮುಂದೆ ಸಾಕ್ಷಿದಾರರು ತಾವಾಗಿ ಹೋಗಿ ಹೇಳಬೇಕು. ಕೇಳಿದ್ದೇ ತಡ ಭರಮಣ್ಣ ತಲೆಯಾಡಿಸಿದ.

"ಪೊಲೀಸರಿಗೆ ಸುಳ್ಳ ಹೇಳಿವಿ ಅಂತ ನಾವ ಹೋಗಿ ಒಪ್ಪಿಕೊಂಡ್ರ ಬಿಡತಾರೇನು? ಬೇಡಿ ಹಾಕತಾರ. ಹಾಕಲಿಲ್ಲಂದ್ರೂ, ಠಾಣೇಕ ಹೋಗಿ ಹೆಸರ ಕೊಟ್ಟು ಬಂದ್ರು ಅನ್ನೂ ಮಾತು ವಸ್ತಿಗೆ ಬರತೈತಿ."

ಶಿದ್ರಾಯ ಮುತ್ಯಾನೂ ಹೌದೆಂದ. "ಅಷ್ಟ ವರ್ಷದ ಮಾತು. ಒಂದ ದಿನದಾಗ ಮಣ್ಣಾಗತೈತಿ."

ಅಕ್ಕವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ಹಳೆಯ ಸೊಕ್ಕು ಮರಳಿ ಬಂದದ್ದು ಮುಖದಲ್ಲೇ ಕಾಣಿಸಿತು. "ಮಾಸ್ತರನ ಹೆಸರು ಕೊಟ್ಟಿದ್ರ ಅವನ್ನ ಕಟ್ಟಿಕೊಂಡ ಹೋಗತಿದ್ರು, ಅದಕ್ಕ ಕೊಡಲಿಲ್ಲ. ಇವನ ಹೆಸರು ಕೊಡದಿದ್ರ ಇವನ್ನ ಕಟ್ಟಿಹಾಕಿಧಂಗ ಆಗತೈತಿ. ನಾವು ಬಾಯಿ ಮುಚ್ಚಿದ್ದು ಮನಶಾನ್ನ ಉಳಸಾಕ. ಬಾಯಿ ಮುಚ್ಚೂದ ದೊಡ್ಡದು ಅಂತ ಅಲ್ಲ. ನೀವು ಬರ್ರಿ, ಬಿಡ್ರಿ. ನಾ ಹೋಗಾಕಿ."

ಮರುದಿನ ಮುಂಜಾನೆ ಅವಳು ಅಮೋಗಸಿದ್ದನನ್ನು ಕರೆದುಕೊಂಡು ದಾರಿ ಹಿಡಿದಾಗ ಹಿಂದೆ ಭರಮಣ್ಣ ಬಂದ. ಅವನ ಹಿಂದೆ ಕಂಬಳಿ ಹೆಗಲಿಗೇರಿಸಿ ಶಿದ್ರಾಯ ಮುತ್ಯಾ ಬಂದ. ಗುರವ್ವ ಬಂದಳು. ಕುರಿ ಬಿಟ್ಟು ಬರಬಲ್ಲವರೆಲ್ಲ ಬಂದರು. ಜತ್ತದ ಬಸ್ಸಿನಲ್ಲಿ ಕಂಡಕ್ಟರ್, "ಯಾರದರ ಮದುವ್ಯೇನ್ರಿ?" ಎಂದು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಅವನದೂ ಖಾಕಿ ಅಂಗಿಯೇ.

ಫೌಜದಾರ ಸಾಂಗಲಿಯ ಕಡೆಯವನು, ಮರಾಠಿ ಮಾತಿನವನು, ಕಾಯಿದೆಯ ಮನುಷ್ಯ. ಮೇಜಿನ ಮೇಲೆ ಹಳೆಯ ರಿಪೋರ್ಟಿತ್ತು. ಉಮದಿಯಿಂದ ಸೋಮನಿಂಗಪ್ಪನನ್ನೂ ಕರೆಸಿದ್ದ. ಅವನು ಮೂಲೆಯಲ್ಲಿ ನಿಂತು, ಮಜ್ಜಿಗೆ ಕೊಟ್ಟು ಕಳಿಸಿದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ.

"ತಮ್ಮನೇ ಇಲ್ಲ ಎಂದವಳು ನೀನು" ಎಂದ ಫೌಜದಾರ. "ಈಗ ಇದ್ದಾನೆ ಎನ್ನುತ್ತೀ. ಸುಳ್ಳು ವಿಳಾಸ ಕೊಟ್ಟು ಪರದೇಶಕ್ಕೆ ಹೋಗುವವರನ್ನು ನಾನು ಕಂಡಿದ್ದೇನೆ. ಈ ಮನುಷ್ಯ ನಿಮಗೆಲ್ಲ ಏನಾದರೂ ಆಸೆ ತೋರಿಸಿ ಕರೆತಂದಿಲ್ಲ ಎಂದು ನಾನು ಹೇಗೆ ನಂಬಲಿ?"

ಕೇಳಿದ್ದು ತಪ್ಪಲ್ಲ. ಅವನ ಜಾಗದಲ್ಲಿ ಅಕ್ಕವ್ವ ಇದ್ದರೂ ಅದನ್ನೇ ಕೇಳುತ್ತಿದ್ದಳು. ಅವಳು ಮರಾಠಿಯಲ್ಲಿ ಶುರುಮಾಡಿದಳು. ಮಾಸ್ತರನ ವಿಷಯಕ್ಕೆ ಬರುವಾಗ ಕನ್ನಡಕ್ಕೆ ಜಾರಿದಳು. ಹಟ್ಟಿ, ಕಂಬಳಿ, ಜಮಾದಾರನ ಬೆಲ್ಲದ ಮಾತು, ನೌಕರಿಯ ಕಾಗದದ ಸುಳ್ಳು, ಎಲ್ಲವನ್ನೂ ಹೇಳಿದಳು. ಸೋಮನಿಂಗಪ್ಪ ಒಂದೊಂದನ್ನೂ ಮರಾಠಿಗೆ ತಿರುಗಿಸಿದ. ಸೆರಗು ಸರಿಸಿ ಕಿವಿಯನ್ನೂ ತೋರಿಸಿದಳು. ಆ ಕಥೆಯನ್ನು ಖಾಕಿಯ ಮುಂದೆ ಅವತ್ತಿನವರೆಗೆ ಯಾರೂ ಹೇಳಿರಲಿಲ್ಲ.

"ಈ ಹವಾಲ್ದಾರ್ರು ಖರೇನ ಹೇಳಿದ್ರು. ಆದರ ಅದ ಮಾತು ಮೊದಲ ಸುಳ್ಳಾಗಿ ಕೇಳಿದ್ದೆ. ತಪ್ಪು ನಂದ ಐತ್ರಿ, ಸಾಹೇಬ್ರ. ಶಿಕ್ಷಾ ಏನಿದ್ರೂ ನನಗ ಕೊಡ್ರಿ. ಅವನ ಕಾಗದಕ್ಕ ಕೊಡಬ್ಯಾಡ್ರಿ."

ಫೌಜದಾರ ಲೇಖನಿ ಕೆಳಗಿಟ್ಟ. "ಅಮ್ಮಾ, ಈಗ ಸರಕಾರ ನಮ್ಮದು. ಆ ಜಮಾದಾರ ಈಗಿಲ್ಲ. ಸರಿ, ನಿನ್ನ ಕಥೆ ನಿಜವೇ ಇರಬಹುದು. ಆದರೆ ಈ ಸಲ ನೀನು ನಿಜ ಹೇಳುತ್ತಿದ್ದೀಯೆಂದು ತೋರಿಸುವುದು ಹೇಗೆ?"

ಅಕ್ಕವ್ವ ಭರಮಣ್ಣನ ಕಡೆ ನೋಡಿದಳು. ಶಿದ್ರಾಯ ಮುತ್ಯಾನ ಹೆಗಲ ಕಂಬಳಿಯನ್ನು ಭರಮಣ್ಣ ತೆಗೆದು ಠಾಣೆಯ ನೆಲಕ್ಕೆ ಹಾಸಿದ. ಅಕ್ಕವ್ವ ಅದರ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಅಮೋಗಸಿದ್ದ ದೇವರ ಭಂಡಾರವನ್ನು, ಆ ಅರಿಷಿಣ ಪುಡಿಯನ್ನು ಅಂಗೈಗೆ ಸುರಿದುಕೊಂಡಳು. ಫೌಜದಾರ ಹುಬ್ಬು ಗಂಟಿಕ್ಕಿದ. ಆಗ ಮೂಲೆಯಲ್ಲಿದ್ದ ಸೋಮನಿಂಗಪ್ಪ ಮುಂದೆ ಬಂದು ಮರಾಠಿಯಲ್ಲಿ ಹೇಳಿದ.

"ಸಾಹೇಬರೇ, ಇವರು ನಮಗೆ ನೂರು ಸಲ ಸುಳ್ಳು ಹೇಳಿಯಾರು, ನನಗಂತೂ ಹೇಳಿದ್ದಾರೆ. ಆದರೆ ಕಂಬಳಿ ಹಾಸಿ, ಭಂಡಾರ ಹಿಡಿದು ಸುಳ್ಳು ಹೇಳುವ ಕುರುಬ ಈ ತಾಲೂಕಿನಲ್ಲಿಲ್ಲ. ಅವತ್ತು ನಾನು ಹೀಗೆ ಕೂರಿಸಿ ಕೇಳಬೇಕಿತ್ತು."

ರಿಪೋರ್ಟಿನಲ್ಲಿ ಭಂಡಾರ ಬರೆಯಲು ಕಾಲಂ ಇಲ್ಲ. ಆದರೂ ಫೌಜದಾರ ಅಮೋಗಸಿದ್ದನನ್ನು ಹೊರಗಿನ ಕಟ್ಟೆಗೆ ಕಳಿಸಿ, ಸಾಕ್ಷಿದಾರರನ್ನು ಒಬ್ಬೊಬ್ಬರಾಗಿ ಒಳಕ್ಕೆ ಕರೆದ. ಅವನ ಬಗ್ಗೆ ಗೊತ್ತಿದ್ದದ್ದನ್ನು ಹೇಳಿ ಎಂದ.

ಅದೇ ತಪ್ಪಾಯಿತು. ಅಷ್ಟು ವರ್ಷ ಬೀಗ ಹಾಕಿದ್ದ ಬಾಯಿಗಳು ಒಮ್ಮೆ ತೆರೆದ ಮೇಲೆ ಮುಚ್ಚುವುದುಂಟೇ? ಅವನಿಗೆ ಯಾವ ಪ್ರಾಯದಲ್ಲಿ ಮೈಮೇಲೆ ದಡಾರ ಎದ್ದಿತ್ತು, ಯಾರ ಟಗರು ಅವನನ್ನು ಹಾಯ್ದಿತ್ತು, ಮ್ಯಾಟ್ರಿಕ್ ಪಾಸಾದಾಗ ಯಾರ ಮನೆಯಲ್ಲಿ ಹೋಳಿಗೆ ಆಗಿತ್ತು, ಎಲ್ಲ ಬಂತು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಅಚ್ಚು ಹಾಕಿದಂತೆ ಹೊಂದಿತು. ಶಿದ್ರಾಯ ಮುತ್ಯಾ ಮಾತಿನ ಭರದಲ್ಲಿ, "ಒಮ್ಮೆ ನನ್ನ ಹೊಲದಾಗಿನ ಸವತಿಕಾಯಿ ಕದ್ದಿದ್ದನ್ರಿ" ಎಂದುಬಿಟ್ಟ. ಫೌಜದಾರ ಲೇಖನಿ ಎತ್ತಿದ್ದನ್ನು ಕಂಡು ಮುದುಕ ಗಡಬಡಿಸಿದ. "ಅಲ್ರಿ, ನಾನ ಕೊಟ್ಟಿದ್ದೆ. ಕೊಟ್ಟಿದ್ದೆ ಅಂತ ಬರಕೋರಿ" ಎಂದು ಕೈಮುಗಿದ. ಫೌಜದಾರನಿಗೆ ನಗು ತಡೆಯಲಾಗಲಿಲ್ಲ.

ಕೊನೆಗೆ ಅಕ್ಕವ್ವನ ಸರದಿ, ಮತ್ತೆ ಅದೇ ಕಂಬಳಿಯ ಮೇಲೆ. "ಹೆಸರು ಹೇಳು" ಎಂದ ಫೌಜದಾರ.

ಅಂಗೈಯ ಭಂಡಾರ ಬೆವರಿಗೆ ಒದ್ದೆಯಾಗಿತ್ತು. ಅವಳು ಎದ್ದು ನಿಂತಳು. ಹೊರಗೆ ಕಟ್ಟೆಯ ಮೇಲಿದ್ದವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಅಮೋಗಸಿದ್ದ. ನನ್ನ ತಮ್ಮ. ಹುಟ್ಟಿದ್ದು ನಮ್ಮವ್ವಗ, ಹಾಲು ಕುಡದದ್ದು ನಂದು. ನಮ್ಮ ವಸ್ತಿಯಾಂವ."

ಹೊರಗೆ ಅಮೋಗಸಿದ್ದ ಮುಖ ಆ ಕಡೆ ತಿರುಗಿಸಿಕೊಂಡ. ಒಳಗೆ ಫೌಜದಾರ ತಲೆಯೆತ್ತದೆ ಬರೆಯುತ್ತಲೇ, "ನಡತೆ?" ಎಂದು ಕೇಳಿದ.

"ನಾ ಬೆಳಸಿದಾಂವ್ರಿ" ಎಂದಳು ಅಕ್ಕವ್ವ. ಅದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ಅವಳಿಗೆ ಗೊತ್ತಿರಲಿಲ್ಲ. ಫೌಜದಾರ 'ಉತ್ತಮ' ಎಂದು ಬರೆದು, ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಭಂಡಾರ ಮೆತ್ತಿದ ಬೆರಳು. ಮಸಿಯ ಗುರುತಿನ ಸುತ್ತ ಹಳದಿ ಹತ್ತಿತು. ಅದನ್ನು ಒರೆಸಲು ಹೋದ ಸೋಮನಿಂಗಪ್ಪನಿಗೆ, "ಇರಲಿ ಬಿಡು" ಎಂದ.

ದಸರಾ ಬರುವ ಮೊದಲೇ ಪಾಸ್‌ಪೋರ್ಟು ಬಂತು. ಮುಂಬಯಿಯಲ್ಲಿ ವೀಸಾದ ಮುದ್ರೆಯೂ ಬಿತ್ತು. ಹೇಳಿಹೋಗಲು ಬಂದ ಅಮೋಗಸಿದ್ದನನ್ನು ಕಳಿಸಲು ವಸ್ತಿಯವರೆಲ್ಲ ಕರಜಗಿಯ ಬಸ್ಸಿನ ತನಕ ಬಂದರು. ಠಾಣೆಗೆ ಹೋಗಿ ಹೆಸರು ಕೊಟ್ಟುಬಂದ ವಸ್ತಿ ಎಂದು ಆಡಿಕೊಳ್ಳುತ್ತಾರೆಂದು ಹೆದರಿದ್ದ ಭರಮಣ್ಣ, ಈಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ತಾನಾಗಿ ನಿಲ್ಲಿಸಿ ಠಾಣೆಯ ಕಥೆ ಹೇಳುತ್ತಿದ್ದ. ಪ್ರತಿ ಸಲ ಹೇಳುವಾಗಲೂ ಫೌಜದಾರ ಇನ್ನಷ್ಟು ಎತ್ತರವಾಗುತ್ತಿದ್ದ, ಅಕ್ಕವ್ವನ ದನಿ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಅಕ್ಕವ್ವ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಈ ಮುದ್ರಿ ಏನಂತೈತೋ?"

"ಈ ಮನಶಾ ನಮ್ಮ ದೇಶಕ್ಕ ಬಂದು ಕೆಲಸ ಮಾಡಲಿ ಅಂತೈತಿ."

"ಮತ್ತ ಇಲ್ಲಿ, ನಿನ್ನ ಫೋಟೋದ ಕಡೆ?"

"ಅಲ್ಲಿ ನನ್ನ ಹೆಸರು. ಇಲ್ಲಿ ನಮ್ಮ ವಸ್ತಿ."

ಬಸ್ಸು ಬಂತು. ಅವನು ಬಗ್ಗಿ ಅಕ್ಕನ ಕಾಲು ಮುಟ್ಟಿದ. ಅವಳು ಅವನ ತೋಳು ಹಿಡಿದೆತ್ತಿ ಬಿಡಲಿಲ್ಲ.

"ಅಲ್ಲಿ ಇಳದ ಮ್ಯಾಲೂ ಖಾಕಿಯವರು ಇರತಾರೇನೋ?"

"ಇರತಾರಕ್ಕಾ."

"ಯಾರು, ಯಾವೂರಾಂವ ಅಂತ ಕೇಳತಾರ?"

"ಕೇಳತಾರ."

"ತಲಿ ತಗ್ಗಸಬ್ಯಾಡ. ಬಾಯಿ ತುಂಬ ಹೇಳು. ಯಾರ ತಮ್ಮ ಅಂತ ಕೇಳಿದ್ರ, ಅದನೂ ಹೇಳು."